ಬಂಜೆ ಎನ್ನುವ ಮುನ್ನ ಗಂಡನ ಪರೀಕ್ಷೆಯಾಗಲಿ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಾಗದ ಹೆಂಗಸನ್ನು ಊರು ‘ಬಂಜೆ’ ಎನ್ನುತ್ತದೆ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯುವುದಿಲ್ಲ. ಅವಳ ಗಂಡನನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಹರಕೆ ಹೊರುವವಳೂ ಅವಳೇ. ಇದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಮಕ್ಕಳಾಗಲೆಂದು ಹೆಂಗಸರು ಬೆತ್ತಲೆ ಸೇವೆಯ ಹರಕೆ ಹೊರುತ್ತಿದ್ದರು. 1986ರ ಗಲಭೆಯ ನಂತರ ಸರ್ಕಾರ ಅದನ್ನು ನಿಷೇಧಿಸಿತು. ಸೇವೆ ನಿಂತಿತು, ದೂರುವುದು ನಿಂತಿಲ್ಲ.

ವೈದ್ಯಶಾಸ್ತ್ರ ಏನು ಹೇಳುತ್ತದೆ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲೂ ತೊಂದರೆ ಇರುತ್ತದೆ. ಹೆಂಗಸಿನಲ್ಲಿ ಅಂಡ ಸರಿಯಾಗಿ ಬಿಡುಗಡೆಯಾಗದಿರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ಸೋಂಕಿನಿಂದಲೋ ಕ್ಷಯದಿಂದಲೋ ಗರ್ಭನಾಳ ಮುಚ್ಚಿರಬಹುದು. ಗಂಡಸಿನಲ್ಲಿ ವೀರ್ಯಾಣುಗಳು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಬೀಡಿ, ಕುಡಿತ, ವೃಷಣದ ರಕ್ತನಾಳ ಉಬ್ಬುವುದು, ಹರೆಯದಲ್ಲಿ ಬಂದ ಮಂಗನಬಾವು ಇದಕ್ಕೆ ಕಾರಣವಾಗಬಹುದು. ಸಂಸಾರ ಮಾಡುವ ಶಕ್ತಿ ಬೇರೆ, ವೀರ್ಯಾಣು ಬೇರೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇದೆಯೆಂದಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಆರು ವರ್ಷ ಔಷಧ ಕುಡಿಸಿದರು, ಎರಡು ಸಲ ಗರ್ಭಕೋಶ ತೊಳೆಸಿದರು. ಖರ್ಚೆಲ್ಲ ತವರಿನದು. ಕೊನೆಗೆ ಗಂಡನ ಪರೀಕ್ಷೆಯಾದಾಗ ತೊಂದರೆ ಅವನದೆಂದು ತಿಳಿಯಿತು. ಅಷ್ಟರಲ್ಲಿ ಅವಳ ತಂದೆಯ ಅಡಿಕೆ ತೋಟ ಅಡವಾಗಿತ್ತು. ಇದು ವರದಕ್ಷಿಣೆಯ ಎರಡನೇ ಕಂತಲ್ಲದೆ ಮತ್ತೇನು?

ವರ್ಷವಿಡೀ ಜೊತೆಯಲ್ಲಿದ್ದೂ ಬಸಿರಾಗದಿದ್ದರೆ ಇಬ್ಬರೂ ವೈದ್ಯರ ಬಳಿ ಹೋಗಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ವೀರ್ಯ ಪರೀಕ್ಷೆಗೆ ನೋವಿಲ್ಲ, ಖರ್ಚೂ ಕಡಿಮೆ; ಅದು ಮೊದಲಾಗಲಿ. ಹಲವರಿಗೆ ಮಾತ್ರೆಯಲ್ಲೇ ಗುಣವಾಗುತ್ತದೆ. ಕೆಲವರಿಗೆ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುತ್ತಾರೆ. ಪ್ರನಾಳ ಶಿಶು ಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕು, ಫಲ ಖಚಿತವಿಲ್ಲ. 2021ರ ಕಾಯ್ದೆಯಂತೆ ನೋಂದಣಿಯಾದ ಕೇಂದ್ರದಲ್ಲಿ ಮಾತ್ರ ಅದನ್ನು ಮಾಡಬೇಕು. ದತ್ತು ಪಡೆಯುವ ದಾರಿಯೂ ಇದೆ. ಮಕ್ಕಳಿಲ್ಲದೆ ಬಾಳುವುದೂ ಬಾಳೇ.

ಕಾನೂನನ್ನೂ ತಿಳಿದಿರಿ. ಮಕ್ಕಳಿಲ್ಲ ಎಂದು, ಗಂಡು ಮಗುವಿಲ್ಲ ಎಂದು ಹಂಗಿಸುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ದೌರ್ಜನ್ಯ. ಕಾಯ್ದೆಯಲ್ಲಿ ಆ ಮಾತನ್ನೇ ಬರೆದಿದೆ. ಹೆಂಡತಿ ಇರುವಾಗ ಹಿಂದೂ ಗಂಡಸು ಇನ್ನೊಬ್ಬಳನ್ನು ಮದುವೆಯಾಗುವಂತಿಲ್ಲ. ಅವಳು ಒಪ್ಪಿ ಸಹಿ ಹಾಕಿದರೂ ಆ ಮದುವೆ ಊರ್ಜಿತವಲ್ಲ. ದೂರಿಗೆ ಸಂರಕ್ಷಣಾಧಿಕಾರಿಗಳಿದ್ದಾರೆ, 181 ಸಹಾಯವಾಣಿ ಇದೆ.

ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಮಕ್ಕಳಾಗುವ ಚಿಕಿತ್ಸೆಗೆಂದು ಸಂಘದಲ್ಲಿ ಸಾಲ ಕೇಳಿ ಬಂದವಳಿಗೆ, “ನಿನ್ನ ಯಜಮಾನರ ಪರೀಕ್ಷೆ ಆಯ್ತಾ?” ಎಂದು ಮೊದಲು ಕೇಳೋಣ. ಅವಳಿಗೆ ಕೇಳಲು ಧೈರ್ಯವಿಲ್ಲದಿದ್ದರೆ ನಾಲ್ಕು ಜನ ಅವಳ ಮನೆಗೆ ಹೋಗಿ ಕೇಳೋಣ. ಸೀಮಂತದ ಆರತಿಗೂ ಅವಳನ್ನು ಕರೆಯೋಣ.