ಜೇನಿಗೊಂದು ನೆಲೆ



ಮುಂದಿನ ಜನ್ಮದಲ್ಲಿ ಮನುಷ್ಯನಾಗಿ ಹುಟ್ಟುವ ಭಾಗ್ಯ ಇಲ್ಲದಿದ್ದರೆ, ಬನವಾಸಿಯ ತೋಟದಲ್ಲಿ ದುಂಬಿಯಾಗಿಯಾದರೂ ಹುಟ್ಟಬೇಕೆಂಬ ಹಾರೈಕೆ ಪಂಪನ ಕಾವ್ಯದಲ್ಲಿ ಬರುತ್ತದೆ. ಮೂವತ್ತು ವರ್ಷ ನಾನು ಆ ಪದ್ಯವನ್ನು ಪಾಠ ಹೇಳಿದೆ. ಆಗ ನನ್ನ ಗಮನವೆಲ್ಲ ನಾಡಿನ ಮೇಲಣ ಪ್ರೀತಿಯ ಕಡೆಗಿತ್ತು. ದುಂಬಿಗೆ ತೋಟವನ್ನೂ ಗೊತ್ತುಮಾಡಿಟ್ಟ ಕವಿಯ ಎಚ್ಚರ ನನಗೆ ಕಾಣಿಸಿದ್ದು, ನಿವೃತ್ತನಾಗಿ ಆಲೂರು ಸೀಮೆಯಲ್ಲಿ ನಮ್ಮ ಪಾಲಿಗೆ ಬಂದ ತೋಟಕ್ಕೆ ನಾಲ್ಕು ಜೇನುಪೆಟ್ಟಿಗೆಗಳನ್ನು ತಂದ ಮೇಲೆ.

ತೋಟದ ಕೆಳಗೆ ಒಂದು ಹಳ್ಳ, ಅದರ ದಂಡೆಯಲ್ಲಿ ಹಲಸಿನ ಮರಗಳ ದಟ್ಟ ನೆರಳು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕುಳಿತರೆ ಏಳಲು ಮನಸ್ಸಾಗದು. ತಂಪು, ನೀರು, ಏಕಾಂತ. ಜೇನಿಗೆ ಇನ್ನೇನು ಬೇಕೆಂದು ನಾಲ್ಕನ್ನೂ ಅಲ್ಲಿಯೇ ಸಾಲಾಗಿ ಇಟ್ಟೆ. ಜೂನ್ ಬಂತು, ಮಳೆ ಹಿಡಿಯಿತು. ಆಗಸ್ಟಿನಲ್ಲಿ ಒಂದು ಹೊಳವಾದ ದಿನ ಮುಚ್ಚಳ ತೆಗೆದು ನೋಡಿದರೆ ನಾಲ್ಕೂ ಬರಿದು. ಎರಿಗಳ ಮೇಲೆ ಮೇಣದ ಹುಳು ಬಲೆ ನೇಯ್ದಿತ್ತು. ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯರೊಬ್ಬರು ಪಕ್ಕದಲ್ಲಿದ್ದರು. "ಮೇಷ್ಟ್ರೇ, ನೀವು ಕೂರಕ್ಕೆ ಒಳ್ಳೇ ಜಾಗ ನೋಡಿದ್ರಿ. ಹುಳ ಬದುಕಕ್ಕೆ ನೋಡಲಿಲ್ಲ" ಎಂದರು. ನನ್ನ ಓದೆಲ್ಲ ಆ ಎರಡು ಮಾತಿನ ಮುಂದೆ ತಲೆ ತಗ್ಗಿಸಿತು.

ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ನಮ್ಮ ಜೇನು ತುಡುವೆ. ಹೆಜ್ಜೇನು ಎತ್ತರದ ಮರಕ್ಕೆ ಒಂದೇ ಎರಿ ಕಟ್ಟಿ, ಋತುವಿಗೆ ಬಂದು ಋತುವಿಗೆ ಹೋಗುವ ಜಾತಿ. ಅದನ್ನು ಪೆಟ್ಟಿಗೆಗೆ ಇಳಿಸಲಾಗದು. ತುಡುವೆ ಮರದ ಪೊಟರೆಯಲ್ಲಿ, ಕಲ್ಲಿನ ಸಂದಿಯಲ್ಲಿ, ಹುತ್ತದಲ್ಲಿ ಹಲವು ಎರಿಗಳನ್ನು ಕಟ್ಟಿ ವಾಸಿಸುತ್ತದೆ. ಸೌಮ್ಯ ಸ್ವಭಾವ, ಆದರೆ ಸ್ವಾಭಿಮಾನಿ. ಹಸಿವಾದರೆ, ಇರುವೆ ಕಾಡಿದರೆ, ಶೀತ ಹೆಚ್ಚಿದರೆ ಜಗಳವಾಡುವುದಿಲ್ಲ. ಇಡೀ ಕುಟುಂಬ ಎದ್ದು ಹೋಗುತ್ತದೆ.

ಹಳ್ಳದ ದಂಡೆಯಲ್ಲಿ ನನ್ನ ಜೇನಿಗೆ ಆದದ್ದು ಇದೇ. ತಗ್ಗಿನಲ್ಲಿ ಮಂಜೂ ಥಂಡಿಯೂ ನಿಂತುಬಿಡುತ್ತವೆ. ಬೆಳಗಿನ ಬಿಸಿಲು ತಡವಾಗಿ ತಲುಪಿದರೆ ಹುಳು ಹೊರಡುವುದೂ ತಡ. ಮಳೆಗಾಲದಲ್ಲಿ ಮೋಡ ಸರಿಯುವುದೇ ಗಳಿಗೆಯ ಮಾತು. ಆ ಗಳಿಗೆ ತಪ್ಪಿದರೆ ಅಂದಿನ ಊಟ ತಪ್ಪಿತು. ಆದುದರಿಂದ ನಮ್ಮ ಗುಡ್ಡಗಳಲ್ಲಿ ಪೆಟ್ಟಿಗೆಗೆ ತಕ್ಕ ಜಾಗ ಪೂರ್ವಕ್ಕೆ ವಾಲಿದ ಇಳಿಜಾರು. ಬಾಗಿಲು ಮೂಡಲಿಗೆ ಇರಲಿ; ಬೆನ್ನು ನೈಋತ್ಯಕ್ಕೆ, ಮುಂಗಾರಿನ ಗಾಳಿ ಬೀಸುವ ಕಡೆಗೆ, ಒಂದು ದಿಬ್ಬವೋ ಪೊದೆಯೋ ಮರೆಯಾಗಿರಲಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ತೆಳುನೆರಳು ಬೇಕು. ಕಾಲುಗಳ ಮೇಲೆ ನಿಲ್ಲಿಸಿ, ಕಾಲಿನಡಿ ನೀರಿನ ಬಟ್ಟಲಿಟ್ಟರೆ ಇರುವೆ ಏರದು. ಪೆಟ್ಟಿಗೆಗಳನ್ನು ಒಂದಕ್ಕೊಂದು ತಗುಲಿಸಿ ಇಡಬಾರದು. 1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ತುಡುವೆಯ ಮರಿಗಳನ್ನು ಕೊಂದು, ಸಾಕಣೆಯ ಪೆಟ್ಟಿಗೆಗಳನ್ನು ಬಹುಪಾಲು ಬರಿದುಮಾಡಿದ್ದನ್ನು ಹಳಬರು ಇನ್ನೂ ಮರೆತಿಲ್ಲ.

ಬೆಳೆಯ ದೃಷ್ಟಿಯಿಂದಲೂ ಜಾಗವನ್ನು ಯೋಚಿಸಬೇಕು. ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಒಳಗೇ ದುಡಿಯುತ್ತದೆ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿಯೂ ಹುಳುವೂ ತರುತ್ತವೆ. ಏಲಕ್ಕಿಯ ಹೂವಂತೂ ನೆಲದ ಹತ್ತಿರ, ಮಳೆಯ ದಿನಗಳಲ್ಲಿ, ನಸುಕಿನಲ್ಲಿ ಅರಳಿ ಜೇನನ್ನೇ ಕಾಯುತ್ತದೆ. ಆದರೆ ಕಾಫಿಯ ಹೂವು ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಮೂರು ದಿನದ ಮದುವೆಯೂಟ ಉಂಡು ವರ್ಷವೆಲ್ಲ ಬದುಕುವವರುಂಟೆ? ಉಳಿದ ಕಾಲಕ್ಕೆ ನೇರಳೆ, ಮತ್ತಿ, ಹಾಲುವಾಣ, ಕಾನಂಚಿನ ಪೊದೆಗಳು ಬೇಕು. ಪೆಟ್ಟಿಗೆ ಇಡುವ ಮುನ್ನ ಸುತ್ತಲ ಒಂದು ಕಿಲೋಮೀಟರಿನಲ್ಲಿ ಯಾವ ತಿಂಗಳು ಯಾವ ಹೂವು ಎಂದು ಬರೆದಿಟ್ಟುಕೊಳ್ಳುವುದು ಮೇಲು. ಬರಿದಾದ ತಿಂಗಳಿಗೆ ಸಕ್ಕರೆಪಾಕ ಕೊಡಬೇಕಾಗುತ್ತದೆ.

ಈಚೆಗೆ ನೆರೆಯವರೊಬ್ಬರು ಬಂದರು. ಒಂದೇ ರಾತ್ರಿಯಲ್ಲಿ ಅವರ ಗದ್ದೆಯ ಬತ್ತ ಆನೆಯ ಪಾಲಾಗಿತ್ತು. ಆಲೂರು, ಸಕಲೇಶಪುರಗಳಿಗೆ ಈ ಸಂಕಟ ಹೊಸದಲ್ಲ. 2014ರ ಸುಮಾರಿಗೆ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಅದು ತೀರಲಿಲ್ಲ. "ಪೆಟ್ಟಿಗೆಗಳನ್ನು ಬೇಲಿಗೆ ತಂದಿಟ್ಟರೆ ಆನೆ ಹೆದರುತ್ತದಂತೆ, ನಿಜವೆ ಸಾರ್?" ಎಂದು ಕೇಳಿದರು. ಕೀನ್ಯಾದಲ್ಲಿ ಲೂಸಿ ಕಿಂಗ್ ಎಂಬ ವಿಜ್ಞಾನಿ ತಂತಿಯಲ್ಲಿ ಗೂಡುಗಳನ್ನು ತೂಗಿಸಿ ಅಂಥ ಬೇಲಿ ಕಟ್ಟಿದ್ದಾರೆ. 2021ರ ಮಾರ್ಚಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕೊಡಗಿನಲ್ಲಿಯೂ ಪೆಟ್ಟಿಗೆಗಳಿಂದ ಆನೆಯನ್ನು ತಡೆಯುವ ಯೋಜನೆ ಆರಂಭಿಸಿತು. ಆದರೆ ಆಫ್ರಿಕದ ಜೇನು ಉಗ್ರ. ನಮ್ಮ ತುಡುವೆ ಸಾಧು. ಎಲ್ಲಕ್ಕಿಂತ ಮುಖ್ಯವಾಗಿ, ಬೇಲಿಯ ಜಾಗವನ್ನು ಗೊತ್ತುಮಾಡುವುದು ಆನೆಯ ದಾರಿ; ಜೇನಿನ ಅನುಕೂಲವಲ್ಲ. ಗಾಳಿಗೆ ಬಯಲಾದ, ಹೂವಿಲ್ಲದ ಎಲ್ಲೆಯಲ್ಲಿ ಇಟ್ಟರೆ ಜೇನು ಎದ್ದು ಹೋದೀತು. ಬರಿಯ ಪೆಟ್ಟಿಗೆಗೆ ಯಾವ ಆನೆಯೂ ಅಂಜದು. "ಬೇಲಿಗೆ ಇಡಿ, ಬೇಡವೆನ್ನಲಾರೆ. ಮೊದಲು ಬೇಲಿಯ ಬದಿಯಲ್ಲಿ ಜೇನು ಬದುಕುವಂತೆ ಮಾಡಿ; ಅದೊಂದನ್ನೇ ನೆಚ್ಚಬೇಡಿ" ಎಂದೆ. ಅವರ ಮುಖದಲ್ಲಿ ನಿರಾಸೆ ಕಂಡಿತು. ನನಗೂ ಸಮಾಧಾನವಾಗಲಿಲ್ಲ. ಆದರೆ ಬತ್ತ ಕಳೆದುಕೊಂಡವರಿಗೆ ಸುಳ್ಳು ಧೈರ್ಯ ಹೇಳುವುದು ಇನ್ನೂ ಕಷ್ಟ.

ನನ್ನ ತೋಟದಲ್ಲಿ ಈಗ ಪೂರ್ವದ ಇಳಿಜಾರಿನ ಮೇಲೆ, ಅತ್ತಿಯ ಮರದ ಅಂಚಿನಲ್ಲಿ ಪೆಟ್ಟಿಗೆಗಳಿವೆ. ಕಳೆದ ಮಳೆಗಾಲ ದಾಟಿ ನಾಲ್ಕರಲ್ಲಿ ಮೂರು ಕುಟುಂಬ ಉಳಿದವು. ಆ ಜಾಗದಲ್ಲಿ ನನಗೆ ಕುಳಿತುಕೊಳ್ಳಲು ಅನುಕೂಲವಿಲ್ಲ. ಇಳಿಜಾರು, ಕಲ್ಲು, ಬೆಳಗಿನ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಆದುದರಿಂದ ನಿಂತೇ ನೋಡುತ್ತೇನೆ. ಎಂಟು ಗಂಟೆಯ ಎಳೆಬಿಸಿಲಿಗೆ ಬಾಗಿಲಲ್ಲಿ ಹುಳುಗಳು ಕಾಲಿಗೆ ಪರಾಗ ಮೆತ್ತಿಕೊಂಡು ಬಂದಿಳಿಯುವಾಗ, ಈ ಸಲ ಜಾಗವನ್ನು ಅವುಗಳನ್ನೇ ಕೇಳಿ ಇಟ್ಟೆನೆಂಬ ನೆಮ್ಮದಿ ನನಗಿದೆ.