ಮಕ್ಕಳೂ ಪರಗೃಹ ಭೋಜನವೂ
(ಉಪನ್ಯಾಸದ ಲಿಖಿತ ರೂಪ)

ಆಟವಾಡಲು ಗೆಳೆಯನ ಮನೆಗೆ ಹೋದ ಮಗು ಅಲ್ಲಿ ಊಟ ಮಾಡಬಹುದೇ, ಬಾರದೇ? ಕೇಳುವುದಕ್ಕೆ ಅತಿ ಸಣ್ಣ ಪ್ರಶ್ನೆ. ಆದರೂ ಕುಷಾಯಿಗೂಡದ ಮಾಧ್ವ ಗೃಹಗಳಲ್ಲಿ ಇದು ಪ್ರತಿ ರಜಾದಿನವೂ ಏಳುತ್ತದೆ.

ಈ ಪರಿಸರದ ಚರಿತ್ರೆಯೇ ಇದಕ್ಕೆ ಕಾರಣ. 1967ರಲ್ಲಿ ಇ.ಸಿ.ಐ.ಎಲ್., 1971ರಲ್ಲಿ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಸ್ಥಾಪನೆಯಾದ ಮೇಲೆ ನಾನಾ ಪ್ರಾಂತಗಳ ನೌಕರರು ಇತ್ತ ಬಂದು ನೆಲೆಸಿದರು. ಬಂಗಾಳಿಗಳ ಮನೆಯಲ್ಲಿ ಮೀನು ಮಂಗಳದ್ರವ್ಯ. ನಿಷ್ಠಾವಂತ ಜೈನರಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ತೆಲಂಗಾಣದ ತಾಯಿಗಂತೂ ಊಟದ ಹೊತ್ತಿಗೆ ಮನೆಯಲ್ಲಿರುವ ಮಗು ಯಾರದಾದರೂ ಸರಿಯೇ, 'ತಿನಿ ಪೋ ಬಿಡ್ಡಾ' ಎಂದು ತಟ್ಟೆ ಇಡದೆ ಸಮಾಧಾನವಿಲ್ಲ. ಮಾಧ್ವರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳು ವರ್ಜ್ಯ, ಏಕಾದಶಿಯಂದು ಅನ್ನವಿಲ್ಲ. ಚಾತುರ್ಮಾಸ್ಯದ ಎರಡನೆಯ ತಿಂಗಳಲ್ಲಿ ದಧಿವ್ರತವಾದ್ದರಿಂದ ಮೊಸರೂ ಇಲ್ಲ. ಪಕ್ಕದ ಮನೆಯ ಹುಡುಗ ಬಂದು ಮೊಸರನ್ನ ಕೇಳಿದರೆ ಗೃಹಿಣಿ ಪಡುವ ಪೇಚಾಟ ಮಾತೆಯರಿಗೆಲ್ಲ ತಿಳಿದದ್ದೇ!

ನಿಯಮಗಳಿರುವುದು ತಪ್ಪಲ್ಲ. ಅದರ ಭಾರವನ್ನು ಹೊರುವವರು ಯಾರು ಎಂಬುದು ವಿಚಾರಣೀಯ. ಹಿಂದೆ ಗುಂತಕಲ್ಲಿನಂಥ ಜಂಕ್ಷನ್ನಿನಲ್ಲಿ ಮೀಟರ್ ಗೇಜ್, ಬ್ರಾಡ್ ಗೇಜ್ ಹಳಿಗಳು ಕೂಡುತ್ತಿದ್ದವು. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಸರಕನ್ನು ಇಳಿಸಿ ಏರಿಸಬೇಕಿತ್ತು. ಅದಕ್ಕೆ ಹಮಾಲರಿದ್ದರು. ಎರಡು ಮನೆಗಳ ಪದ್ಧತಿಗಳು ಕೂಡುವ ಕಡೆ ಆ ಹೊರೆ ಎಂಟು ವರ್ಷದ ಮಗುವಿನ ತಲೆಗೆ ಬೀಳುತ್ತದೆ. 'ಯಾರ ಮನೆಯಲ್ಲೂ ಏನೂ ಮುಟ್ಟಬೇಡ' ಎಂದಷ್ಟೇ ಹೇಳಿ ಕಳುಹಿಸುತ್ತಾರೆ. ಗೆಳೆಯನ ತಾಯಿ ಕರೆದಾಗ ಮಗು 'ಹಸಿವಿಲ್ಲ ಆಂಟಿ' ಎನ್ನುತ್ತದೆ. ಹಸಿದ ಹೊಟ್ಟೆಯಲ್ಲಿ ಆಡಿದ ಆ ಸುಳ್ಳನ್ನು ಕಲಿಸಿದವರು ತಂದೆತಾಯಿಗಳೇ.

2022ರಲ್ಲಿ ಸ್ವೀಡನ್ ದೇಶದ ಪದ್ಧತಿಯೊಂದು ಜಗತ್ತಿನಾದ್ಯಂತ ಚರ್ಚೆಗೆ ಒಳಗಾಯಿತು. ಅಲ್ಲಿನ ಎಷ್ಟೋ ಮನೆಗಳಲ್ಲಿ, ಮನೆಯವರು ಊಟಕ್ಕೆ ಕುಳಿತಾಗ ಆಡಲು ಬಂದ ಮಗು ಕೋಣೆಯಲ್ಲಿ ಕಾಯುತ್ತಿತ್ತಂತೆ. ಅನೇಕರು ಇದನ್ನು ಕಠೋರವೆಂದರು. ಆ ಮಗುವಿಗಾಗಿ ಅದರ ಮನೆಯಲ್ಲಿ ಅಡುಗೆ ಕಾದಿರುತ್ತದೆ, ಪರರನ್ನು ಋಣಕ್ಕೆ ಸಿಲುಕಿಸಬಾರದು ಎಂದು ಅಲ್ಲಿಯವರು ಸಮಜಾಯಿಷಿ ನೀಡಿದರು. ಕಾರಣ ಬೇರೆಯಾದರೂ, ಬಾಗಿಲ ಹೊರಗೆ ಪಾತ್ರೆಯ ಸದ್ದು ಕೇಳುತ್ತ ಕುಳಿತ ಮಗುವಿನ ಸ್ಥಿತಿ ಇಲ್ಲಿಯದಕ್ಕಿಂತ ಭಿನ್ನವೇನಲ್ಲ.

ಇದಕ್ಕೆ ತದ್ವಿರುದ್ಧವಾದ ಪದ್ಧತಿ ಕನ್ನಡನಾಡಿನಲ್ಲೇ ಇತ್ತು. ಅದೇ ವಾರಾನ್ನ. ಮೈಸೂರು, ಧಾರವಾಡಗಳಂಥ ವಿದ್ಯಾಕೇಂದ್ರಗಳಿಗೆ ಹಳ್ಳಿಗಳಿಂದ ಬಂದ ಬಡ ಬ್ರಾಹ್ಮಣ ವಿದ್ಯಾರ್ಥಿಗಳು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಎಂದು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದರು. ಏಳು ದಿನಕ್ಕೆ ಏಳು ಮನೆ ಸಿಗದಿದ್ದರೆ ಆ ದಿನ ಉಪವಾಸವೇ. ಕೆಲವು ಮನೆಗಳಲ್ಲಿ ಹುಡುಗನನ್ನು ಮಗನಂತೆ ಕಂಡರು. ಕೆಲವೆಡೆ ಎಲ್ಲರ ಊಟವಾದ ಮೇಲೆ ಮೂಲೆಯಲ್ಲಿ ಎಲೆ ಹಾಕಿದರು. ಎರಡೂ ಕಡೆ ಬಡಿಸಿದ್ದು ಅನ್ನವೇ. ಉಂಡವನು ಮಾತ್ರ ವ್ಯತ್ಯಾಸವನ್ನು ಕಡೆಯವರೆಗೂ ಮರೆಯಲಿಲ್ಲ.

ಶಾಸ್ತ್ರವಾದರೂ ಮಕ್ಕಳ ವಿಷಯದಲ್ಲಿ ಉದಾರವಾಗಿದೆ. ಉಪನಯನಕ್ಕೆ ಮುಂಚೆ ಬಾಲಕನಿಗೆ ನಡೆ, ನುಡಿ, ಆಹಾರಗಳಲ್ಲಿ ದೊಡ್ಡವರ ನಿರ್ಬಂಧಗಳಿಲ್ಲವೆಂದು ಗೌತಮ ಧರ್ಮಸೂತ್ರ ಹೇಳುತ್ತದೆ. ವ್ಯಾಖ್ಯಾನಕಾರರು ಇದಕ್ಕೆ ಮಿತಿಗಳನ್ನು ಹಾಕಿದ್ದಾರೆ, ನಿಜ. ಭಾಗವತದ ದಶಮಸ್ಕಂಧದಲ್ಲಿ ಗೋಪಬಾಲಕರು ಯಮುನಾತೀರದಲ್ಲಿ ಕುಳಿತು ತಮ್ಮ ತಮ್ಮ ಬುತ್ತಿಯ ರುಚಿಯನ್ನು ಪರಸ್ಪರ ತೋರಿಸುತ್ತ ಉಂಡರು. ಅವರ ನಡುವೆ ಸ್ವತಃ ಶ್ರೀಕೃಷ್ಣನೇ ಇದ್ದನು. ಆ ಪ್ರಸಂಗವನ್ನು ಪ್ರವಚನದಲ್ಲಿ ಕೇಳಿ ಕಣ್ಣೀರಿಡುವ ಗೃಹಸ್ಥರು ಮನೆಗೆ ಬಂದು ಮಗುವಿನ ಡಬ್ಬಿಯಲ್ಲಿ ಯಾರು ಕೈಯಿಟ್ಟರೆಂದು ವಿಚಾರಿಸುವುದುಂಟು!

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. ಕೃಷ್ಣಾಷ್ಟಮಿಯ ಉಂಡೆ, ಚಕ್ಕುಲಿಗಳನ್ನು ನೆರೆಮನೆಯ ಮಕ್ಕಳಿಗೆ ಧಾರಾಳವಾಗಿ ಹಂಚುತ್ತಾರೆ. ಸಂಕ್ರಾಂತಿಗೆ ಆ ಮನೆಯಿಂದ ಬಂದ ಅರಿಸೆಲು ಮಾತ್ರ ಒಳಗೆ ಹೋಗದೆ ಮನೆಗೆಲಸದವಳ ಪಾಲಾಗುತ್ತದೆ. ಕೊಡುವ ಕೈ ಸದಾ ತಮ್ಮದೇ ಇರಬೇಕೆಂಬುದರಲ್ಲಿ ಆಚಾರಕ್ಕಿಂತ ಅಭಿಮಾನ ಹೆಚ್ಚು. ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಮರುದಿನ ಶಾಲೆಯಲ್ಲಿ 'ನಿಮ್ಮ ಮನೆಯದು ನಾವು ತಿನ್ನುವುದಿಲ್ಲ' ಎಂದು ಗೆಳೆಯನಿಗೆ ಹೇಳಿಯೂ ಬಿಡುತ್ತಾರೆ. ಆ ಒಂದು ಮಾತಿಗೆ ಎಷ್ಟೋ ವರ್ಷಗಳ ನೆರೆಹೊರೆ ಮುರಿದುಬೀಳುವುದು.

ಆದ್ದರಿಂದ ಹೇಳಬೇಕಾದ್ದನ್ನು ದೊಡ್ಡವರು ದೊಡ್ಡವರಿಗೇ ಹೇಳಬೇಕು. ಮಗು ಮೊದಲ ಬಾರಿ ಹೋಗುವಾಗ ತಾಯಿ ಜೊತೆಗೆ ಹೋಗಿ, 'ಅಮ್ಮಾ, ಇವನು ಮೊಟ್ಟೆ ಮಾಂಸ ತಿನ್ನುವುದಿಲ್ಲ. ಹಣ್ಣು, ಹಾಲು, ಅನ್ನ ಮೊಸರು ಏನು ಕೊಟ್ಟರೂ ಸಂತೋಷ' ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ. ಬಂದ ಮಗುವಿನ ಮನೆಯ ನಿಯಮವನ್ನೂ ಹಾಗೆಯೇ ಫೋನಿನಲ್ಲಿ ಕೇಳಿ ತಿಳಿಯಬೇಕು. ವ್ರತಸ್ಥರಾದ ಹಿರಿಯರ ಮಡಿ ಅವರಿಗಿರಲಿ. ಅರಿಸೆಲು ಬಂದಾಗ ಮಕ್ಕಳ ಕೈಗೆ ಒಂದೊಂದನ್ನು ತಂದವರ ಎದುರಿನಲ್ಲೇ ಕೊಡಲಿ, ತಟ್ಟೆಯನ್ನು ಬರಿದಾಗಿ ಹಿಂತಿರುಗಿಸದೆ ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳುಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥