ಬಲ್ಮಠದ ಉಪಾಧ್ಯಾಯರು

(ಹೈದರಾಬಾದಿನಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಜೆಯ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ ಓದಿದ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು, "ರಾಯರೇ, ಮತಪ್ರಚಾರಕ್ಕೆಂದು ಬಂದ ಪಾದ್ರಿಗಳ ಗುಣಗಾನಕ್ಕೆ ನಮ್ಮ ವೇದಿಕೆಯೇ ಬೇಕಾಗಿತ್ತೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಆಗಲೇ ಕೊಡಲಿಲ್ಲ. ಇಲ್ಲಿ ಕೊಡುವುದಾಗಿ ಹೇಳಿ ತಪ್ಪಿಸಿಕೊಂಡೆ. ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿರುವುದರಿಂದ ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಕೇಂದ್ರ ಸರಕಾರದ ನೌಕರಿಯಲ್ಲಿ ವಯಸ್ಸು ಸವೆಸಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರ ಹೆಸರು ಕಿವಿಗೆ ಬಿದ್ದರೂ ಅವರ ಸೇವಾ ಪುಸ್ತಕ ಕಣ್ಣ ಮುಂದೆ ಬರುತ್ತದೆ: ಎಲ್ಲಿ ಹುಟ್ಟಿದರು, ಏನು ಓದಿದರು, ಎಲ್ಲಿಂದ ಎಲ್ಲಿಗೆ ವರ್ಗವಾದರು, ಯಾವ ಟಿಪ್ಪಣಿಯೊಡನೆ ನಿವೃತ್ತರಾದರು. ನಮ್ಮ ಲೋಯರ್ ಟ್ಯಾಂಕ್ ಬಂಡ್ ರಸ್ತೆಯ ಬದಿಯಲ್ಲಿ ಆಂಧ್ರ ಕ್ರೈಸ್ತ ದೈವಶಾಸ್ತ್ರ ಕಾಲೇಜು ಇರುವುದನ್ನು ತಮ್ಮಲ್ಲಿ ಅನೇಕರು ಕಂಡಿದ್ದೀರಿ. 1964ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾಗಿ 1973ರಲ್ಲಿ ಈ ಊರಿಗೆ ಬಂದ ಸಂಸ್ಥೆ ಅದು. ಅದರ ಮುಂದೆ ಹಾದುಹೋಗುವಾಗಲೆಲ್ಲ, ಇಂಥ ಚಿಕ್ಕ ಧರ್ಮಪಾಠಶಾಲೆಯೊಂದರಲ್ಲಿ ಪಾಠ ಹೇಳಲು ಎಂಥವರು ಬರುತ್ತಾರೆ, ಅವರ ಜೀವನ ಎತ್ತ ಸಾಗುತ್ತದೆ ಎಂದು ಯೋಚಿಸುತ್ತಿದ್ದೆ. ಹಾಗೆ ಯೋಚಿಸುತ್ತ ಮನಸ್ಸು ಹೋದದ್ದು ಮಂಗಳೂರಿನ ಬಲ್ಮಠದ ಗುಡ್ಡಕ್ಕೆ. ಅಲ್ಲಿ 1847ರಲ್ಲಿ ಬಾಸೆಲ್ ಮಿಷನ್ನಿನವರು ಒಂದು ದೈವಜ್ಞಾನ ಪಾಠಶಾಲೆಯನ್ನು ತೆರೆದರು. 1965ರಲ್ಲಿ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೊಡನೆ ಕೂಡಿ ಅದೇ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಯಿತು; ಇಂದೂ ಬಲ್ಮಠದಲ್ಲಿಯೇ ಇದೆ.

ಮೊದಲ ಸೇವಾ ಪುಸ್ತಕ ಹರ್ಮನ್ ಮೊಗ್ಲಿಂಗರದು. ಜನನ 1811, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ವ್ಯಾಸಂಗ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ. ಬಾಸೆಲ್ ಮಿಷನ್ನಿಗೆ ಸಾಮಾನ್ಯವಾಗಿ ಸೇರುತ್ತಿದ್ದವರು ರೈತರ, ಕುಶಲಕರ್ಮಿಗಳ ಮನೆಯ ಹುಡುಗರು. ಇವರು ವಿಶ್ವವಿದ್ಯಾಲಯದ ಪದವೀಧರರು. ಸ್ವದೇಶದಲ್ಲಿಯೇ ನಿಂತಿದ್ದರೆ ಒಳ್ಳೆಯ ಚರ್ಚೊಂದರ ಅಧಿಪತಿಯಾಗಿ ಸುಖವಾಗಿ ಇರಬಹುದಾಗಿತ್ತು. 1836ರಲ್ಲಿ ಮಂಗಳೂರಿಗೆ ಬಂದರು. ಮೊದಲ ಮೂವರು ಬಾಸೆಲ್ ಮಿಷನರಿಗಳು ಅಲ್ಲಿಗೆ ಬಂದು ಆಗ ಎರಡು ವರ್ಷಗಳಷ್ಟೇ ಆಗಿದ್ದವು.

ಇಪ್ಪತ್ತೈದರ ಆ ತರುಣನ ಮುಂದಿದ್ದ ಊರು ಎಂಥದು? ಬೀದಿಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ಕಚೇರಿಯ ಕಾಗದಗಳಲ್ಲಿ ಕನ್ನಡ. ಮಂಗಳೂರಿನ ಬಹುಜನರಿಗೆ ಕನ್ನಡ ತಾಯಿಯ ಮಡಿಲಿನ ಭಾಷೆಯಾಗಿರಲಿಲ್ಲ, ಶಾಲೆಯ ಮಣೆಯ ಭಾಷೆಯಾಗಿತ್ತು. ಮಿಷನ್ನಿನವರು ತುಳುವನ್ನೇನೂ ಬಿಡಲಿಲ್ಲ. ಬೈಬಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣವನ್ನೂ ಮೆನ್ನರ್ 1886ರಲ್ಲಿ ತುಳು ನಿಘಂಟನ್ನೂ ಹೊರತಂದರು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕುವ ರೂಢಿ ಬೆಳೆದದ್ದು ಇವರ ಅಚ್ಚುಕೂಟದಿಂದ. ಆದರೆ ಬಲ್ಮಠದ ಪಾಠಶಾಲೆಯಲ್ಲಿ ಪಾಠ ನಡೆದದ್ದು ಕನ್ನಡದಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟದ್ದನ್ನು ಈ ಊರಿನವರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಅದಕ್ಕೆ 71 ವರ್ಷ ಮೊದಲು, ಕೆಲವೇ ವಿದ್ಯಾರ್ಥಿಗಳ ಒಂದು ಕೊಠಡಿಯಲ್ಲಿ, ದೈವಶಾಸ್ತ್ರವನ್ನು ಕನ್ನಡದಲ್ಲಿ ಹೇಳಿಕೊಡುವ ಹೊಣೆಯನ್ನು ಒಬ್ಬ ಜರ್ಮನ್ ಹೊತ್ತಿದ್ದ.

ಹೊತ್ತದ್ದರ ಪರಿಣಾಮ ವಿಚಿತ್ರವಾಯಿತು. ಪಾಠ ಹೇಳಬೇಕಾದರೆ ಭಾಷೆ ಬೇಕು, ಭಾಷೆ ಬೇಕಾದರೆ ಅದರ ಕಾವ್ಯ ಬೇಕು, ಕಾವ್ಯವೋ ಓಲೆಗರಿಗಳಲ್ಲಿತ್ತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಪತ್ರಿಕೆಯನ್ನು ಮೊಗ್ಲಿಂಗರು ಕಲ್ಲಚ್ಚಿನಲ್ಲಿ ಹೊರಡಿಸಿದ್ದು ತಮಗೆಲ್ಲ ಗೊತ್ತು. ಕನ್ನಡ ಪತ್ರಿಕಾ ದಿನವನ್ನು ನಾವು ಆಚರಿಸುವುದು ಆ ದಿನಾಂಕದಂದೇ. ಅದಕ್ಕಿಂತ ದೊಡ್ಡ ಕೆಲಸ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅವರ ಹಣದ ನೆರವಿನಿಂದ 1848ರಲ್ಲಿ ಆರಂಭವಾದ ಆ ಮಾಲೆಯಲ್ಲಿ ಏನೇನು ಬಂದವು ನೋಡಿ: ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ. ಹಿಂದೂಗಳನ್ನು ಕ್ರೈಸ್ತರನ್ನಾಗಿಸಲು ಬಂದವರ ಅಚ್ಚುಕೂಟದಿಂದ ದಾಸರ ಪದಗಳು ಹೊರಬಂದವು! ಮಿಷನ್ನಿನ ಹಿತೈಷಿಗಳಿಗೆ ಇದು ಹೇಗೆ ಕಂಡಿರಬೇಕು? ನಮ್ಮ ಇಲಾಖೆಯಲ್ಲಿಯಾಗಿದ್ದರೆ 'ಮಂಜೂರಾದ ಉದ್ದೇಶಕ್ಕೆ ಹೊರತಾದ ವೆಚ್ಚ' ಎಂದು ಆಕ್ಷೇಪಣೆ ಖಂಡಿತ ಏಳುತ್ತಿತ್ತು.

1853ರಲ್ಲಿ ಅವರು ಕೊಡಗಿಗೆ ಹೋದರು, 1860ರಲ್ಲಿ ಜರ್ಮನಿಗೆ ಮರಳಿದರು, 1881ರಲ್ಲಿ ತೀರಿಕೊಂಡರು. ನಡುವೆ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಡಾಕ್ಟರೇಟ್ ಕೊಟ್ಟು ಗೌರವಿಸಿತು. ಗೌರವ ಸಂದದ್ದು ಮತಾಂತರದ ಲೆಕ್ಕಕ್ಕಲ್ಲ, ಕನ್ನಡದ ಕೆಲಸಕ್ಕೆ.

ಎರಡನೆಯ ಸೇವಾ ಪುಸ್ತಕ ನನ್ನ ಮನಸ್ಸನ್ನು ಹೆಚ್ಚು ಕಲಕಿದುದು. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ಕ್ರೈಸ್ತಮತ ಸ್ವೀಕರಿಸಿದರು. ಗುರುವಿನ ಹೆಸರನ್ನೇ ತೆಗೆದುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿನಲ್ಲಿ ಎಷ್ಟು ಗದ್ದಲವಾಗಿರಬೇಕೆಂಬುದನ್ನು ಊಹಿಸಲು ಕಷ್ಟವಿಲ್ಲ. ಕೈಹಿಡಿದ ಹೆಂಡತಿ ಜೊತೆಗೆ ಬರಲಿಲ್ಲ. 1846ರಲ್ಲಿ ಸಮುದ್ರ ದಾಟಿ ಬಾಸೆಲಿಗೆ ಹೋದರು. ಐದು ವರ್ಷ ಓದಿ, 1851ರಲ್ಲಿ ದೀಕ್ಷೆ ಪಡೆದು ಹಿಂದಿರುಗಿದರು. ತಮ್ಮನ್ನು ಹೊರಹಾಕಿದ ಅದೇ ಊರಿನ ಗುಡ್ಡದ ಮೇಲೆ ನಿಂತು, ದೈವಶಾಸ್ತ್ರದ ಪಾಠವನ್ನು ಕನ್ನಡದಲ್ಲಿ ಹೇಳಿದರು. 1860ರಲ್ಲಿ ಒಬ್ಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ಕೊಡಗಿನಲ್ಲಿ ಕ್ರೈಸ್ತರಾದ ದಲಿತ ಕುಟುಂಬಗಳಿಗಾಗಿ ಅವರು ನೆಲೆಗೊಳಿಸಿದ ಊರು ಆನಂದಪುರವೆಂದು ಹೆಸರಾಯಿತು. 1893ರಲ್ಲಿ ಅವರ ಕಾಲವಾಯಿತು.

ಇಲ್ಲಿ ನಾನು ನಮ್ಮ ಹಿರಿಯರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಇವರು ಮತಾಂತರಕ್ಕೆಂದೇ ಬಂದರು. ಅದನ್ನು ಮುಚ್ಚಿಡುವುದು ಅವರಿಗೇ ಮಾಡುವ ಅವಮಾನ, ಏಕೆಂದರೆ ಅವರು ಮುಚ್ಚಿಡಲಿಲ್ಲ. ಆ ಮತಾಂತರದಿಂದ ಮನೆಗಳು ಒಡೆದವು. ಕೌಂಡಿನ್ಯರ ಮೊದಲ ಹೆಂಡತಿಯ ದುಃಖವನ್ನು ಯಾವ ಶತಮಾನೋತ್ಸವದ ಸಂಚಿಕೆಯೂ ತೂಗಿ ನೋಡುವುದಿಲ್ಲ. ನಾನು ಕ್ರೈಸ್ತನಲ್ಲ; ಆ ತಾಯಿಯ ಪಕ್ಷದಲ್ಲಿ ನಿಂತು ನೋಡಿದಾಗ ನನಗೂ ಕೋಪ ಬರುತ್ತದೆ. ಆದರೆ ಆನಂದಪುರದ ಆ ಕುಟುಂಬಗಳ ಪಕ್ಷದಲ್ಲಿ ನಿಂತು ನೋಡಿದರೆ? ನಮ್ಮ ಅಗ್ರಹಾರಗಳು ಅವರಿಗೆ ಅಕ್ಷರವನ್ನು ಕೊಟ್ಟಿರಲಿಲ್ಲ. ಈ ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳದವರು ಈ ಚರಿತ್ರೆಯನ್ನು ಓದದಿರುವುದೇ ಲೇಸು. ಗುಣಗಾನ ನನ್ನ ಉದ್ದೇಶವಲ್ಲ. ಕನ್ನಡ ತಾಯ್ನುಡಿಯಲ್ಲದವರು ಕನ್ನಡದಲ್ಲಿ ಏಕೆ ಬಾಳಿದರು ಎಂಬುದಷ್ಟೇ ನನ್ನ ಕುತೂಹಲ.

ಗಮನಿಸಿರಿ: ಮೊಗ್ಲಿಂಗರ ತಾಯ್ನುಡಿ ಜರ್ಮನ್, ಕೌಂಡಿನ್ಯರದು ಕೊಂಕಣಿ, ಅವರ ಮುಂದೆ ಕುಳಿತ ಕರಾವಳಿಯ ವಿದ್ಯಾರ್ಥಿಗಳಲ್ಲಿ ಬಹುಮಂದಿಯದು ತುಳು. ಆ ಕೊಠಡಿಯಲ್ಲಿ ಕನ್ನಡ ಬಾಳಿದ್ದು ರಕ್ತಸಂಬಂಧದಿಂದಲ್ಲ, ಅದರಲ್ಲಿ ಮಾಡಬೇಕಾದ ಕೆಲಸವಿದ್ದುದರಿಂದ. ಪ್ರಸಂಗ ಬರೆಯಬೇಕಿತ್ತು, ಬೈಬಲ್ ತಿದ್ದಬೇಕಿತ್ತು, ಪತ್ರಿಕೆ ತುಂಬಬೇಕಿತ್ತು.

ಆ ವಲಯದ ಅತ್ಯಂತ ದೊಡ್ಡ ಹೆಸರು ಫರ್ಡಿನಾಂಡ್ ಕಿಟ್ಟೆಲ್. ಅವರ ಬಗೆಗೆ ತಮಗೆ ಹೊಸದಾಗಿ ಹೇಳಬೇಕಾದುದು ಕಡಿಮೆ. 1832ರಲ್ಲಿ ಜನನ, 1853ರಲ್ಲಿ ಆಗಮನ, 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು, 1896ರಲ್ಲಿ ಟ್ಯೂಬಿಂಗೆನ್ನಿನ ಡಾಕ್ಟರೇಟ್, 1903ರಲ್ಲಿ ವ್ಯಾಕರಣ, ಅದೇ ವರ್ಷ ಮರಣ. 1877ರಲ್ಲಿ ಜರ್ಮನಿಗೆ ಹಿಂದಿರುಗಿದ್ದವರು, ನಿಘಂಟಿಗಾಗಿಯೇ 1883ರಲ್ಲಿ ಐವತ್ತರ ವಯಸ್ಸು ದಾಟಿದ ಮೇಲೆ ಮತ್ತೆ ಹಡಗು ಹತ್ತಿ ಬಂದರು. ಈ ಒಂದು ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಅದೇ ವಯಸ್ಸಿನ ನಾನು ಬೆಂಗಳೂರಿಗೆ ವರ್ಗ ಕೇಳುವ ಅರ್ಜಿಯನ್ನು ಮೂರು ಸಲ ಬರೆದು ಮೂರು ಸಲವೂ ಹರಿದೆ, ಮನೆ ಸಾಗಿಸುವ ತೊಂದರೆಗೆ ಅಂಜಿ.

ಆದರೆ ಇವರೆಲ್ಲರಿಗೂ ಉಪಾಧ್ಯಾಯರಾದವರು ಬೇರೆಯೇ ಇದ್ದರು. ಹಡಗಿನಿಂದ ಇಳಿದ ಪ್ರತಿಯೊಬ್ಬ ಮಿಷನರಿಗೂ ಒಬ್ಬ ಮುನ್ಷಿ, ಕಾವ್ಯ ತೆರೆದವರಿಗೆ ಒಬ್ಬ ಪಂಡಿತ. ಶಾಸ್ತ್ರಿಗಳೋ ಶಾನುಭೋಗರೋ ಆಗಿದ್ದ ಅವರು ತಿಂಗಳ ಸಂಬಳಕ್ಕೆ ಬಂದು, ಓಲೆಗರಿ ಓದಿ, ಅರ್ಥ ಹೇಳಿ, ಬಹುಶಃ ಮನೆಗೆ ಮರಳಿ ಸ್ನಾನ ಮಾಡಿ ಊಟಕ್ಕೆ ಕುಳಿತರು. ಕಿಟ್ಟೆಲರ ಹೆಸರಿನಲ್ಲಿ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ. ಅವರಿಗೆ ಶಬ್ದಾರ್ಥ ಹೇಳಿದವರ ಹೆಸರು ನಮ್ಮ ಯಾವ ರಾಜ್ಯೋತ್ಸವದಲ್ಲಿಯೂ ಕೇಳಿಬರುವುದಿಲ್ಲ. ವಿದೇಶೀಯ ಕನ್ನಡ ಕಲಿತರೆ ನಮಗೆ ಅದು ಪವಾಡ. ಕಲಿಸಿದವನು ನಮ್ಮವನಾದರೆ ಅದು ಅವನ ಹೊಟ್ಟೆಪಾಡು. ಈ ದೃಷ್ಟಿದೋಷವನ್ನು ಜರ್ಮನ್ನರ ಮೇಲೆ ಹೊರಿಸಲಾಗದು.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಬಂಧನವಾಯಿತು, ದೇಶ ಬಿಡಬೇಕಾಯಿತು. ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಹೊಣೆ ಮೆಲ್ಲಗೆ ಇಲ್ಲಿಯವರ ಹೆಗಲಿಗೆ ಬಂದಿತು. ಯುದ್ಧಕ್ಕೆ ಮೊದಲೇ ಅಲ್ಲಿ ಓದಿ ಹೊರಬಂದಿದ್ದ ಧಾರವಾಡದ ಒಬ್ಬ ವಿದ್ಯಾರ್ಥಿಯನ್ನು ಹೈದರಾಬಾದಿನವರಾದ ನಾವು ಮರೆಯುವಂತಿಲ್ಲ. ಅವರೇ ಉತ್ತಂಗಿ ಚನ್ನಪ್ಪನವರು. ಸಭಾಪಾಲಕರಾಗಿದ್ದುಕೊಂಡೇ ಹಳ್ಳಿಹಳ್ಳಿಗಳಿಂದ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಲಬುರ್ಗಿ ಆಗ ಹೈದರಾಬಾದ್ ಸಂಸ್ಥಾನದ್ದು. ರಜಾಕಾರರ ಹಾವಳಿಯಿಂದ ಬೆಂದ ಆ ನೆಲದಲ್ಲಿ, ಕನ್ನಡಿಗರ ಆ ಮಹಾಸಭೆಯಲ್ಲಿ, ಅಧ್ಯಕ್ಷಪೀಠದಲ್ಲಿ ಕುಳಿತವರು ಬಲ್ಮಠದಲ್ಲಿ ಕಲಿತ ಒಬ್ಬ ಪಾದ್ರಿ. ಅಂದು ಅವರ ಜಾತಿ ಮತಗಳು ಅಡ್ಡಿಯಾಗಲಿಲ್ಲ.

ಕೊನೆಯದಾಗಿ ಸ್ಟ್ಯಾನ್ಲಿ ಸಮರ್ಥರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಮಂಗಳೂರು, ಬೆಂಗಳೂರುಗಳಲ್ಲಿ ಓದಿ 1947ರಲ್ಲಿ ಬಲ್ಮಠದ ಉಪಾಧ್ಯಾಯರಾದರು. ಅಮೆರಿಕದಲ್ಲಿ ವ್ಯಾಸಂಗ ಮಾಡಿ ಬಂದು 1952ರಲ್ಲಿ ಅಲ್ಲಿಯೇ ಪ್ರಾಂಶುಪಾಲರು. 1960ರಲ್ಲಿ ಬೆಂಗಳೂರು, ಬಳಿಕ ಸೆರಾಂಪುರ, 1968ರಲ್ಲಿ ಜಿನೀವಾದ ಜಾಗತಿಕ ಚರ್ಚುಗಳ ಮಂಡಳಿ. ಅಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದೇ ತೆರೆದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. 1970ರಲ್ಲಿ ಲೆಬನಾನಿನ ಅಜಲ್ತೂನಿನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತರನ್ನು ಒಂದೆಡೆ ಕೂರಿಸಿದ ಗೋಷ್ಠಿ ಅವರ ಏರ್ಪಾಡು. ಅನ್ಯರನ್ನು ತಮ್ಮ ಮತಕ್ಕೆ ತರುವುದಕ್ಕಾಗಿ ಕಟ್ಟಿದ ಪಾಠಶಾಲೆಯಿಂದ ಹೊರಟ ಉಪಾಧ್ಯಾಯರು, ಅನ್ಯರ ಮಾತನ್ನು ಕೇಳಿಸಿಕೊಳ್ಳುವುದೂ ಕ್ರೈಸ್ತನ ಧರ್ಮವೇ ಎಂದು ವಾದಿಸಿ ತಮ್ಮವರಿಂದಲೇ ಟೀಕೆಗೊಳಗಾದರು. 2001ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಹಿರಿಯರ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರಾಗಿದ್ದರು.

ಇನ್ನು ನಮ್ಮ ಮನೆಯ ಮಾತು. ನನ್ನ ಮಗಳು ಇದೇ ಊರಿನಲ್ಲಿ ಬೆಳೆದವಳು. ಮನೆಯಲ್ಲಿ ಕನ್ನಡ, ಗೆಳತಿಯರೊಡನೆ ತೆಲುಗು, ಆಟೋದವನೊಡನೆ ದಖನಿ. ಮೂರನ್ನೂ ಸೊಗಸಾಗಿ ಆಡುತ್ತಾಳೆ. ಕನ್ನಡ ಓದಲು ಬಾರದು. ಒಮ್ಮೆ ಗದರಿಸಿದಾಗ, "ಓದಿ ಏನು ಮಾಡಲಿ ಅಪ್ಪ?" ಎಂದಳು. ಉದ್ಧಟತನವೆಂದು ಆಗ ರೇಗಿದೆ. ಮೊಗ್ಲಿಂಗರ ಚರಿತ್ರೆ ಓದಿದ ಮೇಲೆ, ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೆಂದು ತಿಳಿಯಿತು. ನಾವು ಅವಳಿಗೆ ಕನ್ನಡವನ್ನು ಕೊಟ್ಟೆವು, ಕನ್ನಡದಲ್ಲಿ ಮಾಡಲು ಒಂದು ಕೆಲಸವನ್ನು ಕೊಡಲಿಲ್ಲ. ಇದೇ ಕಾರಣಕ್ಕೆ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಸಂಘದ ಹಳೆಯ ನಡಾವಳಿ ಪುಸ್ತಕಗಳನ್ನು ಓದಿ ಒಂದು ಚರಿತ್ರೆಯನ್ನು ಬರೆಯುವ ಹೊಣೆಯನ್ನು ಈ ವರ್ಷ ನಮ್ಮ ಮಕ್ಕಳಿಗೇ ಒಪ್ಪಿಸಬೇಕು. ಕಾಗುಣಿತ ತಪ್ಪಾಗಲಿ, ತಿದ್ದಲು ನಾವಿದ್ದೇವೆ.

ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿದವರು ಮರಿಯಪ್ಪ ಭಟ್ಟರು. 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಅದೂ ಹೊರನಾಡಿನ ಕೆಲಸವೇ ತಾನೆ? ನನ್ನ ತಂದೆಯವರು ಕೊಂಡಿದ್ದ ಆ ನಾಲ್ಕು ಸಂಪುಟಗಳು ಮನೆಯ ಅಟ್ಟದ ಮೇಲಿವೆ. ಮುಂದಿನ ಭಾನುವಾರ ತಂದು ಈ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ಕಪಾಟಿನ ಬೀಗದ ಕೈ ಯಾರ ಬಳಿಯಲ್ಲಿದೆ ಎಂಬುದನ್ನು ಮಾತ್ರ ಇವತ್ತೇ ಹೇಳಿಬಿಡಿ.